ಅಲ್ಮಾಟಿವರೆಗೆ ಮಾತ್ರ

ಎರ್ಮೆಕ್ ತನ್ನ ಗಾಯವನ್ನು ಮೊದಲು ತೋರಿಸಿದ್ದು ನನಗೆ. ಗೆಳತಿ ಎಂದು ತೋರಿಸಿದ್ದಲ್ಲ, ನರ್ಸಾಗಿದ್ದವಳು ಎಂದು.

ಫೆಬ್ರವರಿಯ ಕೊನೆಯ ವಾರ. ನಮ್ಮೂರು ಕರಗಂಡದ ಹಳೆಯ ಗಣಿ ಕಾರ್ಮಿಕರ ಭವನದಲ್ಲಿ ನಮ್ಮ ಗಾಲಿಕುರ್ಚಿ ರಗ್ಬಿಯ ಅಭ್ಯಾಸ ಮುಗಿದಿತ್ತು. ಉಳಿದವರನ್ನು ಒಬ್ಬೊಬ್ಬರಾಗಿ ವ್ಯಾನಿಗೆ ಹತ್ತಿಸುತ್ತಿದ್ದರು. ಎರ್ಮೆಕ್ ತನ್ನ ಗಾಲಿಕುರ್ಚಿಯನ್ನು ನನ್ನ ಕುರ್ಚಿಯ ಪಕ್ಕಕ್ಕೆ ತಂದು, ಕೋಟು ತೂಗುಹಾಕುವ ಕೋಣೆಗೆ ಬಾ ಎಂದು ತಲೆಯಲ್ಲೇ ಸನ್ನೆ ಮಾಡಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಕೈ ಹಿಂದಕ್ಕೆ ಚಾಚಿ ಅವನೇ ತೆಗೆದದ್ದು. ಮಸುಕಾಗಿತ್ತು.

"ಫೋಟೋ ಸಾಲದು. ಕಣ್ಣಾರೆ ನೋಡ್ಬೇಕು," ಅಂದೆ.

ಅವನು ಬೆಂಚಿನ ಮೇಲೆ ಮೊಣಕೈ ಊರಿ ಮುಂದಕ್ಕೆ ವಾಲಿದ. ಕೂರುವಾಗ ಒತ್ತುವ ಮೂಳೆಯ ಮೇಲೆ ಗಾಯದ ಬಾಯಿ ಒಂದು ನಾಣ್ಯದಷ್ಟಿತ್ತು. ಸುತ್ತಲ ಚರ್ಮ ನೇರಳೆಗಟ್ಟಿತ್ತು. ಅಂಥ ಹುಣ್ಣಿನ ಬಾಯಿ ನೋಡಿ ಮೋಸಹೋಗಬಾರದು, ಒಳಗೆ ಗವಿಯಿರುತ್ತದೆ. ಎಂಟು ವರ್ಷ ಆಂಬುಲೆನ್ಸಿನಲ್ಲಿ ದುಡಿದವಳು ನಾನು. ಎಷ್ಟು ಆಳ ಹೋಗಿದೆ ಎಂಬುದು ವಾಸನೆಯಲ್ಲೇ ತಿಳಿಯಿತು.

ಕುತ್ತಿಗೆ ಮುರಿದವರಿಗೆ ಎದೆಯಿಂದ ಕೆಳಗೆ ನೋವು ಗೊತ್ತಾಗುವುದಿಲ್ಲ. ಬೇರೆಯವರು ಕೂತಲ್ಲೇ ಅರಿವಿಲ್ಲದೆ ಮಗ್ಗುಲು ಬದಲಿಸುತ್ತಾರೆ. ನಾವು ನೆನಪಿಟ್ಟುಕೊಂಡು ಬದಲಿಸಬೇಕು. ಮರೆತರೆ ಒಳಗಿನಿಂದ ಮಾಂಸ ಕೊಳೆಯುತ್ತದೆ. ನಮ್ಮಂಥವರನ್ನು ಕೊಲ್ಲುವುದು ಮುರಿದ ಮೂಳೆಯಲ್ಲ, ಇದು. ನಮ್ಮಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ.

"ಎಷ್ಟು ದಿನ ಆಯ್ತು?" ಎಂದು ಕೇಳಿದೆ.

"ಹೊಸ ವರ್ಷದ ಹೊತ್ತಿಗೆ ಬರೀ ಕೆಂಪಗಿತ್ತು."

"ನಾಳೆನೇ ಆಸ್ಪತ್ರೆಗೆ ಹೋಗ್ಬೇಕು ನೀನು."

"ಹೋದ್ರೆ ಬೋರಲು ಮಲಗಿಸ್ತಾರೆ, ಅಕ್ಕ. ಎಷ್ಟ್ ತಿಂಗಳು ಅಂತ ನಿಂಗೇ ಗೊತ್ತು." ಅವನು ಬಟ್ಟೆ ಸರಿಮಾಡಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ. "ಅಲ್ಮಾಟಿವರೆಗೆ ಮಾತ್ರ. ಆಟ ಮುಗಿದ ದಿನಾನೇ ಹೋಗ್ತೀನಿ. ನೀನೇ ಕರ್ಕೊಂಡ್ಹೋಗು."

ಅಲ್ಮಾಟಿಯ ಪಂದ್ಯಾವಳಿಗೆ ಇನ್ನು ಐದು ವಾರ ಇತ್ತು.

ಬೋರಲು ಮಲಗುವುದೆಂದರೆ ಅವನಿಗೆ ಏನೆಂದು ಹೇಳಬೇಕು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಗಣಿಯೊಳಗೆ ಚಾವಣಿಯ ಕಲ್ಲು ಕಳಚಿ ಅವನ ಕತ್ತಿನ ಮೇಲೆ ಬಿದ್ದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವರ್ಷವೇ ಬೆನ್ನಿನ ಬುಡದಲ್ಲಿ ಇಂಥದ್ದೇ ಹುಣ್ಣಾಗಿ ಹನ್ನೊಂದು ತಿಂಗಳು ಹೊಟ್ಟೆಯ ಮೇಲೆ ಮಲಗಿದ್ದ. ಮುಖ ನೆಲದ ಕಡೆಗೆ. ಅವನ ತಾಯಿ ಕುಲ್ಯಾಶ್ ಆಪಾ ಮಂಚದ ಕೆಳಗೆ ಕನ್ನಡಿಯೊಂದನ್ನು ಓರೆಯಾಗಿ ಇಟ್ಟಿದ್ದರಂತೆ, ಬಂದವರ ಮುಖ ಮಗನಿಗೆ ಕಾಣಲಿ ಎಂದು. ಆಮೇಲಾಮೇಲೆ ಬರುವವರು ಕಡಿಮೆಯಾದರು. ಕನ್ನಡಿಯಲ್ಲಿ ದೀಪದ ಬುರುಡೆಯೊಂದೇ ಕಾಣುತ್ತಿತ್ತು. ಆ ವರ್ಷ ತಾನು ಸಾಯುವುದಕ್ಕೆ ಎಷ್ಟು ಉಪಾಯ ಹುಡುಕಿದೆ, ಬೆರಳು ಮಡಚಲೂ ಬಾರದವನಿಗೆ ಒಂದೂ ಕೈಗೂಡಲಿಲ್ಲ ಎಂದು ನಗುನಗುತ್ತ ಹೇಳಿದ್ದ ಒಮ್ಮೆ.

ಅಂಥವನನ್ನು ಹೊರಗೆ ತಂದದ್ದು ಲಿಡಿಯಾ ಗೆನ್ರಿಖೋವ್ನಾ. ಆಕೆ ಒಂದು ಕಾಲದಲ್ಲಿ ಹೆಣ್ಣುಮಕ್ಕಳಿಗೆ ಹ್ಯಾಂಡ್‌ಬಾಲ್ ಕಲಿಸುತ್ತಿದ್ದವರು. ಜರ್ಮನ್ ಮೂಲದ ಅವರ ಬಂಧುಬಳಗವೆಲ್ಲ ತೊಂಬತ್ತರ ದಶಕದಲ್ಲೇ ಜರ್ಮನಿಗೆ ಹೋಗಿ ನೆಲೆಸಿತ್ತು; ಅವರೊಬ್ಬರು ಉಳಿದಿದ್ದರು. ಆ ಬಂಧುಗಳ ಕಡೆಯಿಂದ ಗಾಲಿಕುರ್ಚಿ ರಗ್ಬಿಯ ಆರು ಹಳೆಯ ಕುರ್ಚಿಗಳನ್ನು ತರಿಸಿ, ಊರಲ್ಲಿ ಕುತ್ತಿಗೆ ಮುರಿದವರು ಎಲ್ಲೆಲ್ಲಿದ್ದಾರೆ ಎಂದು ಮೆಟ್ಟಿಲು ಹತ್ತಿ ಹುಡುಕಿದ್ದರು. ಸಿಕ್ಕವರು ಐದೇ ಜನ.

ಆ ಕುರ್ಚಿಗಳು ಮನೆಯಲ್ಲಿ ಕೂರುವಂಥವಲ್ಲ. ಚಕ್ರಗಳಿಗೆ ತಗಡಿನ ಕವಚ, ಮುಂದೆ ಕಬ್ಬಿಣದ ಕಟ್ಟು. ಒಂದು ಕಡೆಗೆ ನಾಲ್ವರು. ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಎದುರಾಳಿಯ ಗೆರೆ ದಾಟಬೇಕು, ದಾಟದಂತೆ ಅವರು ಬಂದು ಗುದ್ದುತ್ತಾರೆ. ಭವನದ ತುಂಬ ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದಂಥ ಸದ್ದು. ಎರ್ಮೆಕ್ ಬಂದ ಮೊದಲ ದಿನವೇ ಗೆನ್ನಾದಿಯ ಕುರ್ಚಿಗೆ ಎಂಥಾ ಪೆಟ್ಟು ಕೊಟ್ಟನೆಂದರೆ, ಆ ದಡೂತಿ ಮನುಷ್ಯ ಕುರ್ಚಿಸಮೇತ ಮಗುಚಿಬಿದ್ದ. ಗೆನ್ನಾದಿ ಮೊದಲು ಲಾರಿ ಓಡಿಸುತ್ತಿದ್ದವನು. ಎತ್ತಲು ಓಡಿಬಂದವರನ್ನು ಬಿದ್ದಲ್ಲಿಂದಲೇ ತಡೆದ.

"ಸ್ವಲ್ಪ ಇರ್ರಪ್ಪಾ. ಏಳು ವರ್ಷದಿಂದ ಎಲ್ರೂ ನನ್ನ ಮೊಟ್ಟೆ ಹಿಡ್ಕೊಂಡಂಗೆ ಹಿಡ್ಕೊಂಡಿದಾರೆ. ಇವತ್ತು ಯಾರೋ ಮನುಷ್ಯ ಅಂತ ಕೆಡವಿದಾನೆ, ಅನುಭವಿಸೋಕೆ ಬಿಡ್ರಿ."

ಎರ್ಮೆಕ್ ಅವತ್ತು ನಕ್ಕನಂತೆ. ಅಪಘಾತವಾದಮೇಲೆ ಮೊದಲ ಸಲ ಮಗ ನಗುನಗುತ್ತ ಮನೆಗೆ ಬಂದ ಎಂದು ಕುಲ್ಯಾಶ್ ಆಪಾ ಆಮೇಲೆ ನನ್ನ ಹತ್ತಿರ ಹೇಳಿದರು. ಎರಡು ವರ್ಷದಲ್ಲಿ ಅವನ ತೋಳು ಮರದ ದಿಮ್ಮಿಯಂತಾದವು. ತಾನೇ ಮಂಚದಿಂದ ಕುರ್ಚಿಗೆ ಜಾರಿಕೊಳ್ಳುವುದನ್ನು ಕಲಿತ, ತಾನೇ ಸ್ನಾನ ಮಾಡುವುದನ್ನು, ಬಟ್ಟೆ ಹಾಕಿಕೊಳ್ಳುವುದನ್ನು ಕಲಿತ. ಇಪ್ಪತ್ತೇಳರ ಗಂಡಸಿಗೆ ತಾಯಿ ಚಡ್ಡಿ ತೊಡಿಸುವುದು ನಿಂತಿತು. ಅದೇ ಕಾರಣಕ್ಕೆ ಅವನ ಹಿಂಭಾಗವನ್ನು ಈಗ ಯಾರೂ ನೋಡುತ್ತಿರಲಿಲ್ಲ.

ನಾನು ಯಾಕೆ ಒಪ್ಪಿಕೊಂಡೆ ಎಂಬುದಕ್ಕೆ ಅವನ ಮೇಲಿನ ಕನಿಕರ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಮೈಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ಪರೀಕ್ಷಿಸಿ ನಮಗೆ ಅರ್ಧದಿಂದ ಮೂರೂವರೆವರೆಗೆ ಅಂಕ ಕೊಡುತ್ತಾರೆ. ಎರ್ಮೆಕ್‌ಗೆ ಮೂರು. ನನಗೆ ಅರ್ಧ. ನನ್ನ ಬೆರಳು ಮಡಚುವುದಿಲ್ಲ, ಚೆಂಡು ಹಿಡಿಯಲಾರೆ. ಎದುರಾಳಿಯ ಚಕ್ರಕ್ಕೆ ನನ್ನ ಕುರ್ಚಿಯ ಕಬ್ಬಿಣ ಸಿಕ್ಕಿಸಿ ಅವನನ್ನು ಕದಲದಂತೆ ನಿಲ್ಲಿಸುವುದು, ಅಷ್ಟೇ ನನ್ನ ಕೆಲಸ. ನಾನು ಹೀಗೆ ಒಬ್ಬನನ್ನು ತಡೆದು ನಿಲ್ಲಿಸಿದರೆ ಆ ಸಂದಿನಲ್ಲಿ ಎರ್ಮೆಕ್ ನುಗ್ಗುತ್ತಿದ್ದ. ಅವನಿಲ್ಲದಿದ್ದರೆ ನಾನು ಯಾರಿಗೆ ದಾರಿ ಬಿಡಿಸಲಿ? ನಮ್ಮಲ್ಲಿ ಗೋಲು ಹೊಡೆಯಬಲ್ಲವನು ಅವನೊಬ್ಬನೇ; ಅವನಿಲ್ಲದೆ ಉಳಿದ ನಾಲ್ವರು ಅಲ್ಮಾಟಿಗೆ ಹೋಗಿ ಪ್ರಯೋಜನವಿರಲಿಲ್ಲ. ಮಂಜುಗಡ್ಡೆಯ ಮೇಲೆ ಆಂಬುಲೆನ್ಸ್ ಜಾರಿ ಕುತ್ತಿಗೆ ಮುರಿದುಕೊಂಡ ದಿನದಿಂದ ನನ್ನನ್ನು ಯಾರೂ ಯಾವುದಕ್ಕೂ ಬೇಕು ಅಂದಿರಲಿಲ್ಲ. ಈಗ ಒಂದು ಕಡೆ ಬೇಕಾಗಿದ್ದೆ. ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಹೀಗಾಗಿ ಗಾಯಕ್ಕೆ ಬತ್ತಿ ತುಂಬುವುದನ್ನು ನಾನೇ ಅವನಿಗೆ ಹೇಳಿಕೊಟ್ಟೆ. ಉಪ್ಪುನೀರಿನಲ್ಲಿ ಹೇಗೆ ತೊಳೆಯಬೇಕು, ಗಾಜ್ ಬಟ್ಟೆಯನ್ನು ಎಷ್ಟು ಒಳಗೆ ತಳ್ಳಬೇಕು, ಪಟ್ಟಿ ಎಲ್ಲಿ ಅಂಟಿಸಬೇಕು. ನನ್ನ ಕೈಯಲ್ಲಿ ಆಗದ್ದನ್ನು ಬಾಯಲ್ಲಿ ಹೇಳುತ್ತಿದ್ದೆ, ಅವನು ಕನ್ನಡಿ ನೋಡಿಕೊಂಡು ಮಾಡುತ್ತಿದ್ದ. ಅರ್ಧ ಗಂಟೆಗೊಮ್ಮೆ ಮೈ ಎತ್ತು ಎಂದೆ. ಮನೆಯಲ್ಲಿ ಮಗ್ಗುಲಾಗಿಯೇ ಮಲಗು ಎಂದೆ. ಬಲ್ಲ ವೈದ್ಯರೊಬ್ಬರಿಗೆ ನನಗೇ ಹುಣ್ಣಾಗಿದೆ ಎಂದು ಸುಳ್ಳು ಹೇಳಿ ಮಾತ್ರೆ ಬರೆಸಿಕೊಂಡೆ. ಎರಡು ವಾರ ವಾಸನೆ ಕಡಿಮೆಯಾಯಿತು. ವಾಸಿಯಾಗುತ್ತಿದೆ ಎಂದು ಅವನು ನಂಬಿದ. ಹಾಗಲ್ಲ ಎಂದು ನನಗೆ ಗೊತ್ತಿತ್ತು.

ಮಾರ್ಚಿನಲ್ಲಿ, ವಸಂತದ ನೌರುಜ್ ಹಬ್ಬದ ಮಾರನೆಯ ದಿನ ಲಿಡಿಯಾ ಗೆನ್ರಿಖೋವ್ನಾ ನನ್ನನ್ನು ಮೂಲೆಗೆ ಕರೆದು ನೇರವಾಗಿ ಕೇಳಿದರು.

"ಎರ್ಮೆಕ್ ಮುಖ ಬಾಡಿದೆಯಲ್ಲಮ್ಮಾ. ನೀನು ತಿಳಿದವಳು. ಅವನು ಹುಷಾರಾಗಿದಾನಾ?"

"ನೆಗಡಿ," ಅಂದೆ. "ಮನೇಲಿ ಎಲ್ರಿಗೂ ಇದೆಯಂತೆ."

ಆಕೆ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸರಿ ಎಂದು ತಲೆಯಾಡಿಸಿ ಹೊರಟುಹೋದರು. ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ.

ಅಲ್ಮಾಟಿಗೆ ಹೋಗುವ ರೈಲಿನ ಬೋಗಿಯ ಓಣಿಯಲ್ಲಿ ನಮ್ಮ ಕುರ್ಚಿ ತೂರುವುದಿಲ್ಲ. ನಮ್ಮನ್ನು ಕಂಬಳಿಯಲ್ಲಿ ಹೊತ್ತು ಒಳಗೆ ಮಲಗಿಸಿದರು. ಎರ್ಮೆಕ್ ಭುಜ ನೋವು ಎಂದು ಹೇಳಿ ಇಡೀ ದಾರಿ ಬೋರಲಾಗಿಯೇ ಮಲಗಿದ. ಕಿಟಕಿಯಾಚೆ ಬಯಲು, ಅರೆಬರೆ ಕರಗಿದ ಹಿಮ, ಅಲ್ಲಲ್ಲಿ ಕುದುರೆಗಳು. ಎದುರಿನ ಸೀಟಿನಲ್ಲಿ ನಾನಿದ್ದೆ. ಗೆದ್ದರೆ ಏನು ಮಾಡುತ್ತೀಯ ಎಂದು ಕೇಳಿದೆ, ಸುಮ್ಮನೆ ಮಾತಿಗೆ. ಅವನು ದಿಂಬಿನಿಂದ ಮುಖ ಇತ್ತ ಹೊರಳಿಸಿದ.

"ಏನೂ ಮಾಡಲ್ಲ. ಆಮೇಲೆ ಬೋರಲು ಮಲಗ್ತೀನಲ್ಲ, ಆಗ ನೆನೆಸ್ಕೊಳ್ಳೋಕೆ ಒಂದು ಬೇಕು. ಕಳೆದ ಸಲ ನಂಹತ್ರ ಏನೂ ಇರ್ಲಿಲ್ಲ, ಅಕ್ಕ."

ಪಂದ್ಯಾವಳಿಯಲ್ಲಿ ನಾಲ್ಕು ತಂಡಗಳಿದ್ದವು. ಮೊದಲ ದಿನದ ಪಂದ್ಯವನ್ನು ತಾಷ್ಕೆಂಟಿನವರ ಎದುರು ಇಪ್ಪತ್ತು ಗೋಲುಗಳಿಂದ ಸೋತೆವು. ಅದು ನಿರೀಕ್ಷಿಸಿದ್ದೇ. ಎರಡನೇ ದಿನ ಬಿಷ್ಕೆಕ್‌ನವರು. ಅವರೂ ನಮ್ಮಂತೆ ಹೊಸಬರು. ಮಧ್ಯಾಹ್ನದ ಆಟ. ಬೆಳಿಗ್ಗೆಯೇ ಎರ್ಮೆಕ್‌ಗೆ ಚಳಿಜ್ವರ ಬಂದಿತ್ತು. ಮಾತ್ರೆ ನುಂಗಿ, ಜಾಕೆಟ್ಟಿನ ಮೇಲೆ ಜಾಕೆಟ್ಟು ಹಾಕಿಕೊಂಡು ಕೂತಿದ್ದ. ಪಟ್ಟಿ ಬದಲಿಸಿದೆಯಾ ಎಂದು ಕೇಳಿದ್ದಕ್ಕೆ, ಬದಲಿಸಿ ಪ್ರಯೋಜನವಿಲ್ಲ, ತುಂಬಿದ್ದೆಲ್ಲ ಹೊರಗೆ ಬರುತ್ತಿದೆ ಎಂದ.

ಆದರೂ ಆಡಿದ. ಅಂಥ ಆಟ ಅವನು ಎಂದೂ ಆಡಿರಲಿಲ್ಲ. ನಾಲ್ಕು ಪಾಳಿಯ ಆಟದಲ್ಲಿ ಮೂರು ಮುಗಿದಾಗ ಸಮ. ನಾಲ್ಕನೆಯದರ ಮಧ್ಯೆ ಲಿಡಿಯಾ ಗೆನ್ರಿಖೋವ್ನಾ ಆಟ ನಿಲ್ಲಿಸಲು ಹೇಳಿ ನಮ್ಮನ್ನು ಹತ್ತಿರ ಕರೆದರು. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಒಬ್ಬೊಬ್ಬರ ಮುಖಕ್ಕೂ ನೀರು ಹೊಡೆದರು, ಏಕೆಂದರೆ ನಮ್ಮ ಮೈ ಬೆವರುವುದಿಲ್ಲ. ಎಷ್ಟು ಆಡಿದರೂ ಒಣಗಿದ ಒಲೆಯಂತೆ ಕಾಯುತ್ತಿರುತ್ತದೆ. ಎರ್ಮೆಕ್‌ನ ಸರದಿ ಬರುವ ಮೊದಲೇ ಅವನ ಮುಖ ಒದ್ದೆಯಾಗಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು. ಕೆನ್ನೆ, ಕುತ್ತಿಗೆ ಕೆಂಡದಂತಾಗಿದ್ದವು. ತಲೆ ಸಿಡಿಯುತ್ತಿದೆ ಎಂದು ಹಲ್ಲು ಕಚ್ಚಿ ಹೇಳಿದ.

ಉಳಿದವರು ಅದನ್ನು ನೀರೆಂದುಕೊಂಡಿರಬೇಕು. ನನಗೆ ಗೊತ್ತಾಯಿತು. ಕೆಳಗಿನ ಮೈ ನೋವನ್ನು ಹೇಳಲಾರದೆ ಹೀಗೆ ಕೂಗಿಕೊಳ್ಳುತ್ತದೆ. ರಕ್ತದ ಒತ್ತಡ ಏರಿ ಮಿದುಳಿನ ನಾಳವೇ ಒಡೆಯಬಹುದು. ಆಂಬುಲೆನ್ಸಿನಲ್ಲಿ ಇದ್ದಿದ್ದರೆ ಸೈರನ್ ಹಾಕಿಸಿ ಹೊರಡಿಸುತ್ತಿದ್ದೆ. ಇನ್ನೂ ಮೂರು ನಿಮಿಷದ ಆಟ ಬಾಕಿ ಇತ್ತು. ನಾವು ಒಂದು ಗೋಲು ಹಿಂದಿದ್ದೆವು. ಎರ್ಮೆಕ್ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಾಯಿ ತೆರೆಯಲಿಲ್ಲ.

ಆ ಮೂರು ನಿಮಿಷ ಹೇಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಅಷ್ಟು ಚೆನ್ನಾಗಿತ್ತು. ಬಿಷ್ಕೆಕ್‌ನವರ ಮುಖ್ಯ ಆಟಗಾರ ಗೆರೆಯ ಕಡೆ ತಿರುಗುತ್ತಿದ್ದಂತೆ ಅವನ ಚಕ್ರಕ್ಕೆ ನನ್ನ ಕಬ್ಬಿಣ ಸಿಕ್ಕಿಸಿದೆ. ಅವನು ಎಷ್ಟು ಜಗ್ಗಿದರೂ ಬಿಡಲಿಲ್ಲ. ಪಕ್ಕದಲ್ಲೇ ಎರ್ಮೆಕ್ ಗಾಳಿಯಂತೆ ಹೋದ. ಸಮವಾಯಿತು. ಮತ್ತೆ ಒಂದು. ಗಂಟೆ ಬಾರಿಸಿದಾಗ ನಾವು ಒಂದು ಗೋಲು ಮುಂದಿದ್ದೆವು. ಜೀವಮಾನದಲ್ಲಿ ನಮ್ಮ ತಂಡ ಗೆದ್ದ ಒಂದೇ ಪಂದ್ಯ ಅದು. ಗೆನ್ನಾದಿ ಅಳುತ್ತಿದ್ದ. ನಾನು ಕೂಗುತ್ತಿದ್ದೆ, ಏನು ಕೂಗಿದೆನೋ ತಿಳಿಯದು. ತಿರುಗಿ ನೋಡಿದಾಗ ಎರ್ಮೆಕ್ ತೊಡೆಯ ಮೇಲಿನ ಚೆಂಡಿನ ಮೇಲೆ ಮುಖವಿಟ್ಟು ವಾಂತಿ ಮಾಡಿಕೊಳ್ಳುತ್ತಿದ್ದ.

ಅಲ್ಲಿನ ಆಸ್ಪತ್ರೆಯಲ್ಲಿ ಕತ್ತರಿಸಿ ನೋಡಿದರು. ಮೂಳೆ ಕೊಳೆತು ನಂಜು ರಕ್ತಕ್ಕೆ ಸೇರಿತ್ತು. ಮೂರು ಸಲ ಶಸ್ತ್ರಚಿಕಿತ್ಸೆ ಮಾಡಿದರು, ಪ್ರತಿ ಸಲವೂ ಇನ್ನಷ್ಟು ಕೊಯ್ದು ತೆಗೆದರು. ಕುಲ್ಯಾಶ್ ಆಪಾ ರೈಲು ಹತ್ತಿ ಬಂದರು. ನಮ್ಮನ್ನು ಅಷ್ಟರಲ್ಲಿ ಊರಿಗೆ ಕಳಿಸಿದ್ದರು. ಒಂದೇ ಒಂದು ಸಲ ಅವನ ಜೊತೆ ಫೋನಿನಲ್ಲಿ ಮಾತಾಡಿದೆ. ಗೆದ್ದದ್ದು ನೆನೆಸಿಕೊಳ್ಳುತ್ತಿದ್ದೀಯಾ ಎಂದು ಕೇಳಿದೆ.

"ಜ್ವರದಲ್ಲಿ ಸರಿಯಾಗಿ ನೆನಪಾಗ್ತಿಲ್ಲ," ಎಂದ. "ಕೊನೇ ಗೋಲು ಯಾವ ಕಡೆಯಿಂದ ಹೋದೆ, ಅಕ್ಕ?"

ಎಡಗಡೆಯಿಂದ, ಎಂದೆ. ಅವನು ಹೂಂ ಎಂದ. ಹತ್ತೊಂಬತ್ತನೆಯ ದಿನ ತೀರಿಕೊಂಡ.

ನಲವತ್ತನೇ ದಿನದ ಊಟಕ್ಕೆ ನನಗೂ ಕರೆ ಬಂತು. ಅವರ ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡ. ನೆಂಟರ ಕಡೆಯ ನಾಲ್ವರು ಗಂಡಸರು ನನ್ನನ್ನು ಕುರ್ಚಿಯಲ್ಲೇ ಹೊತ್ತು ಮೇಲೆ ತಂದರು. ಊಟವಾಯಿತು, ಕುರಾನ್ ಓದಿ ಮುಗಿಯಿತು. ಗಂಡಸರು ಸಮಾಧಿಯ ಕಡೆಗೆ ಹೊರಟರು. ಒಳಗೆ ಹೆಂಗಸರಷ್ಟೇ ಉಳಿದರು. ಕುಲ್ಯಾಶ್ ಆಪಾ ನನ್ನ ಎರಡು ಅಂಗೈಗಳ ನಡುವೆ ಚಹಾದ ಬಟ್ಟಲಿಟ್ಟು, ಬೀಳದಂತೆ ತಮ್ಮ ಕೈ ಒತ್ತಿ ಹಿಡಿದರು. ಆಕೆಯ ಕಣ್ಣು ಒಣಗಿದ್ದವು.

"ಮೂರು ತಿಂಗಳಿಂದ ಇತ್ತಂತೆ. ಡಾಕ್ಟ್ರು ಹೇಳಿದ್ರು," ಎಂದರು. "ನಾನು ಪಕ್ಕದ ಕೋಣೇಲಿ ಮಲಗ್ತಿದ್ದೆ. ಬಾಗಿಲು ಹಾಕ್ಕೊಂಡು ಸ್ನಾನ ಮಾಡ್ತಾನೆ ಅಂತ ಹೆಮ್ಮೆ ಪಟ್ಟೆ. ತಾಯಿಯಾಗಿ ನಂಗೆ ಗೊತ್ತಾಗ್ಲಿಲ್ಲವಲ್ಲ ಮಗಳೇ."

ಸುತ್ತಲಿನವರು ನಿಮ್ಮ ತಪ್ಪಿಲ್ಲ, ಅವನೇ ಮುಚ್ಚಿಟ್ಟ ಎಂದು ಸಮಾಧಾನ ಹೇಳಿದರು. ಆಕೆ ಕೇಳಿಸಿಕೊಳ್ಳಲಿಲ್ಲ. ತಪ್ಪನ್ನು ಇಡಿಯಾಗಿ ತನ್ನ ಮೇಲೆ ಎಳೆದುಕೊಂಡು ಕೂತಿದ್ದರು. ಇದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ನಂಗೆ ಗೊತ್ತಿತ್ತು, ಆಪಾ. ಫೆಬ್ರವರಿಯಿಂದ. ನಾನೇ ಪಟ್ಟಿ ಕಟ್ಟೋದು ಹೇಳಿಕೊಟ್ಟೆ. ಆಟಕ್ಕೆ ಅವನು ಬೇಕಾಗಿದ್ದ."

ಆಕೆ ನನ್ನ ಕೈಯಿಂದ ತಮ್ಮ ಕೈ ತೆಗೆದರು. ಬಟ್ಟಲು ಜಾರಿ ಚಹಾ ನನ್ನ ತೊಡೆಯ ಮೇಲೆ ಚೆಲ್ಲಿತು. ಬಿಸಿ ನನಗೆ ತಿಳಿಯಲಿಲ್ಲ.

"ನೀನು ನರ್ಸು," ಎಂದರು ಕುಲ್ಯಾಶ್ ಆಪಾ. ಅಷ್ಟೇ. ಎದ್ದು ಅಡುಗೆಮನೆಗೆ ಹೋದರು.

ಬೈದಿದ್ದರೆ, ಹೊರಗೆ ಹೋಗು ಎಂದಿದ್ದರೆ ಚೆನ್ನಾಗಿತ್ತು. ಹೋಗು ಎಂದರೂ ನಾನು ಹೋಗುವಂತಿರಲಿಲ್ಲ. ಹೊತ್ತುಕೊಂಡು ಇಳಿಸುವ ಗಂಡಸರು ಸಮಾಧಿಯ ಹತ್ತಿರ ಇದ್ದರು. ಅವರು ಬರುವವರೆಗೆ, ಒಂದೂವರೆ ಗಂಟೆ, ಆ ಕೋಣೆಯ ನಡುವೆ ಒದ್ದೆ ಬಟ್ಟೆಯಲ್ಲಿ ಕೂತಿದ್ದೆ. ಹೆಂಗಸರು ನನ್ನನ್ನು ಬಳಸಿಕೊಂಡು ಓಡಾಡಿ ತಟ್ಟೆ ತೆಗೆದರು, ಮೇಜಿನ ಬಟ್ಟೆ ಮಡಚಿದರು. ಒಬ್ಬಾಕೆ ನೆಲ ಒರೆಸುತ್ತ ನನ್ನ ಚಕ್ರದವರೆಗೆ ಬಂದು, ಅಲ್ಲಿಗೆ ನಿಲ್ಲಿಸಿ, ಆ ಕಡೆಯಿಂದ ಮತ್ತೆ ಒರೆಸಲು ಶುರುಮಾಡಿದಳು. ಅಡುಗೆಮನೆಯಿಂದ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ಕುಲ್ಯಾಶ್ ಆಪಾ ಹೊರಗೆ ಬರಲಿಲ್ಲ. ತೊಡೆಯ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತ್ತೆಂದು ಮನೆಗೆ ಬಂದು ಬಟ್ಟೆ ತೆಗೆದಾಗ ಗೊತ್ತಾಯಿತು. ಅದು ಒಣಗಲು ಎರಡು ತಿಂಗಳು ಹಿಡಿಯಿತು.

ಬೇಸಿಗೆಯಲ್ಲಿ ಗೆನ್ನಾದಿ ನನ್ನ ಮನೆಗೆ ಬಂದ. ನಾನು ಆಪಾ ಎದುರು ಹೇಳಿದ್ದು ಊರಿಗೆಲ್ಲ ತಿಳಿದಿತ್ತು. ಅವನು ಎಂದಿನಂತೆ ನಗಿಸಲು ನೋಡಿದ, ಆಗಲಿಲ್ಲ. ಕೊನೆಗೆ ಕಿಟಕಿಯ ಕಡೆ ನೋಡುತ್ತ ಹೇಳಿದ.

"ಒಬ್ಳೇ ಹೊರಬೇಡ, ರೌಶನ್. ಮೈನಸ್ ಇಪ್ಪತ್ತು ಚಳೀಲಿ ನಾನು ವ್ಯಾನಿನ ಗಾಜು ಇಳಿಸ್ತಿದ್ದೆ. ಸೆಕೆ ಆಗ್ತಿತ್ತು ಅನ್ಕೊಂಡ್ಯಾ?"

ಉಳಿದಿಬ್ಬರಿಗೂ ಗೊತ್ತಿತ್ತಂತೆ. ಲಿಡಿಯಾ ಗೆನ್ರಿಖೋವ್ನಾಗೆ? ಅದನ್ನು ಕೇಳುವ ಧೈರ್ಯ ತನಗಿಲ್ಲ ಎಂದ. ಹಂಚಿಕೊಂಡರೆ ಭಾರ ಕಡಿಮೆಯಾಗುತ್ತದೆ ಎಂದುಕೊಂಡು ಬಂದಿದ್ದ ಪಾಪ. ಕಡಿಮೆಯಾಗಲಿಲ್ಲ. ಎಲ್ಲರಿಗೂ ವಾಸನೆ ಬಂದಿತ್ತು, ಎಲ್ಲರಿಗೂ ಆಡಬೇಕಾಗಿತ್ತು. ಆದರೆ ಅದು ಎಷ್ಟು ಆಳ ಎಂದು ಕಣ್ಣಾರೆ ನೋಡಿದವಳು ನಾನೊಬ್ಬಳೇ. ನಾನು ಹಾಗೆಂದು ಹೇಳಿದೆ. ಅವನು ಕುರ್ಚಿ ತಿರುಗಿಸಿಕೊಂಡು ಹೊರಟ.

ಉಳಿದ ನಾಲ್ವರಲ್ಲಿ ತಂಡ ಕಟ್ಟಬಹುದಿತ್ತು, ಅಭ್ಯಾಸಕ್ಕೆ ಯಾರೂ ಬರಲಿಲ್ಲ. ಭವನದವರು ಆ ಹಾಲನ್ನು ಮದುವೆಗಳಿಗೆ ಕೊಡಲು ಶುರುಮಾಡಿದರು. ಕುರ್ಚಿಗಳು ಎಲ್ಲಿವೆಯೋ ಗೊತ್ತಿಲ್ಲ. ಕುಲ್ಯಾಶ್ ಆಪಾ ಒಮ್ಮೆ ಪೇಟೆಯಲ್ಲಿ ಎದುರಾದರು. ನೋಡಿದರು, ನೋಡದವರಂತೆ ಹೋಗಲಿಲ್ಲ. ನಿಂತರು, ಏನೋ ಹೇಳುವವರಂತೆ. ಆಮೇಲೆ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದರು.

ಅಕ್ಟೋಬರಿನಲ್ಲಿ ಲಿಡಿಯಾ ಗೆನ್ರಿಖೋವ್ನಾ ಫೋನ್ ಮಾಡಿದರು. ಎರಡು ಮಕ್ಕಳ ತಾಯಿಯೊಬ್ಬಳು ಏಣಿಯಿಂದ ಬಿದ್ದು ಕುತ್ತಿಗೆ ಮುರಿದುಕೊಂಡಿದ್ದಾಳೆ, ಆಸ್ಪತ್ರೆಯಿಂದ ಬಂದು ಎರಡು ವಾರವಾಯಿತು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಯಾರ ಜೊತೆಯೂ ಮಾತಿಲ್ಲ, ನೀನು ಒಂದು ಸಲ ಹೋಗಿ ಕೂತು ಬರುತ್ತೀಯಾ ಎಂದು ಕೇಳಿದರು.

ಇಲ್ಲ ಎಂದೆ. ಇನ್ನೊಬ್ಬರ ಮೈ ನೋಡಿಕೊಳ್ಳುವ ವಿಷಯದಲ್ಲಿ ನನ್ನನ್ನು ನಾನೇ ನಂಬುತ್ತಿರಲಿಲ್ಲ. ಆಯ್ತಮ್ಮ, ನೀನು ಬರುತ್ತೀಯ ಎಂದು ಹೇಳಿಬಿಟ್ಟಿದ್ದೆ, ಆ ಹೆಂಗಸಿನ ಮನೆಯವರಿಗೆ ಬೇರೆ ಏನಾದರೂ ಹೇಳುತ್ತೇನೆ ಎಂದು ಇಟ್ಟುಬಿಟ್ಟರು.